ದೇವರ ಸರಹದ್ದು

ಸಂಡೂರು ಸೀಮೆಯ ಗಣಿ ನಕಾಶೆ ಹರಡಿಕೊಂಡು ಕೂತರೆ ಪಂಚಾಂಗ ಓದಿದ ಹಾಗಾಗುತ್ತದೆ. ಕುಮಾರಸ್ವಾಮಿ, ರಾಮನದುರ್ಗ, ತಿಮ್ಮಪ್ಪನಗುಡಿ, ದೇವದಾರಿ, ಜಂಬುನಾಥನಹಳ್ಳಿ, ವಿಭೂತಿಗುಡ್ಡ. ಇವೆಲ್ಲ ಅದಿರಿನ ನಿಕ್ಷೇಪಗಳ ಹೆಸರುಗಳು, ಗುತ್ತಿಗೆ ಕಾಗದಗಳಲ್ಲಿ ಓಡಾಡುವ ಹೆಸರುಗಳು. ಕೇಂದ್ರ ಸರ್ಕಾರದ ಎನ್‌ಎಂಡಿಸಿಗೆ ಇಲ್ಲಿರುವ ಗಣಿಗಳಲ್ಲಿ ಒಂದರ ಅಧಿಕೃತ ಹೆಸರೇ ಕುಮಾರಸ್ವಾಮಿ ಕಬ್ಬಿಣ ಅದಿರು ಗಣಿ. ದೇವರ ಹೆಸರಿಟ್ಟುಕೊಂಡೇ ದೇವರ ಬೆಟ್ಟ ಅಗೆಯುವುದರಲ್ಲಿ ಯಾರಿಗೂ ಇರುಸುಮುರುಸಾದಂತೆ ಕಾಣುವುದಿಲ್ಲ. ಹಾಗಾದರೆ ಆ ದೇವರು ಇರುವುದೆಲ್ಲಿ? ಗುಡಿಯೊಳಗೆ ಮಾತ್ರ ಎಂದರೆ ಹೊರಗಿನದೆಲ್ಲ ಬರೀ ಕಲ್ಲು ಮಣ್ಣು, ಟನ್ನಿಗಿಷ್ಟು ಎಂದು ಮಾರಬಹುದು. ಬೆಟ್ಟವೇ ದೇವರು ಎಂದರೆ ಟಿಪ್ಪರುಗಳು ಹೊತ್ತೊಯ್ಯುತ್ತಿರುವುದು ಏನನ್ನು?

ಈ ಪ್ರಶ್ನೆಯನ್ನು ಮಠದ ಜಗಲಿಯಲ್ಲಿ ಕೂತು ಚರ್ಚಿಸುವುದು ಸುಲಭ. ಸಂಡೂರಿನಲ್ಲಿ ನಿಂತು ಕೇಳಿಕೊಂಡರೆ ಅದಕ್ಕೆ ಭೂಗೋಳ, ಚರಿತ್ರೆ, ಕೋರ್ಟು ಎಲ್ಲ ಅಂಟಿಕೊಳ್ಳುತ್ತವೆ.

ಬಳ್ಳಾರಿಯ ಎರೆಹೊಲಗಳ ಬಯಲಿನಿಂದ ಪಶ್ಚಿಮಕ್ಕೆ ಹೊರಟವರಿಗೆ ಬೆಟ್ಟಗಳು ಗೋಡೆ ಎದ್ದಂತೆ ಎದುರಾಗುತ್ತವೆ. ಉದ್ದುದ್ದ ಸಾಲುಗಳು, ತಲೆ ಸಪಾಟು, ಮೈಯೆಲ್ಲ ಹಸಿರು, ಹಸಿರಿನ ಕೆಳಗೆ ಕಡುಗೆಂಪು. ಸಾಲುಗಳ ನಡುವಿನ ಕಣಿವೆಯಲ್ಲಿ ಸಂಡೂರು ಊರು. ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡ ನಾರಿಹಳ್ಳ ಎಂಬ ಹಳ್ಳ ಎರಡು ಕಡೆ ಬೆಟ್ಟವನ್ನೇ ಸೀಳಿ ದಾರಿ ಮಾಡಿಕೊಂಡಿದೆ. ಒಂದು ಭೀಮನಗಂಡಿ, ಇನ್ನೊಂದು ಓಬಳಗಂಡಿ. ಗಂಡಿಯ ಎರಡೂ ಪಕ್ಕದ ಬಂಡೆ ನೋಡಿದರೆ ಬೆಟ್ಟದ ಒಳಮೈ ಬಿಚ್ಚಿಟ್ಟಂತಿರುತ್ತದೆ. ಮಳೆ ಹಿಡಿದು ಬಿಟ್ಟ ಮೇಲೆ ಈ ಕಣಿವೆ ನೋಡಬೇಕು. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಎಂದು ಗಾಂಧೀಜಿ ಹೇಳಿದರೆಂಬ ಮಾತು ಊರವರ ಬಾಯಲ್ಲಿ ಈಗಲೂ ಇದೆ. 1934ರ ಹರಿಜನ ಪ್ರವಾಸದಲ್ಲಿ ಅವರು ಇಲ್ಲಿಗೆ ಬಂದಿದ್ದರು.

ಭೂವಿಜ್ಞಾನಿಗಳು ಇದನ್ನು ಸಂಡೂರು ಶಿಸ್ಟ್ ಪಟ್ಟಿ ಎನ್ನುತ್ತಾರೆ. ವಯಸ್ಸು ಸುಮಾರು 270 ಕೋಟಿ ವರ್ಷ. ಆಗ ಇಲ್ಲಿ ಸಮುದ್ರ ಇತ್ತು. ಇಂದಿನ ಸಮುದ್ರದಂತಲ್ಲ, ಆಮ್ಲಜನಕ ತೀರಾ ಕಡಿಮೆ ಇದ್ದ, ಕಬ್ಬಿಣ ಕರಗಿ ತುಂಬಿಕೊಂಡಿದ್ದ ನೀರು. ಆ ಕಬ್ಬಿಣವೂ ಸಿಲಿಕವೂ ಪದರ ಪದರವಾಗಿ ತಳಕ್ಕೆ ಕೂತವು. ಇಂದು ಒಂದು ತುಂಡು ಕೈಗೆತ್ತಿಕೊಂಡರೆ ಬೂದುಬಣ್ಣದ ಒಂದು ಎಳೆ, ಕೆಂಪು ಜಾಸ್ಪರಿನ ಒಂದು ಎಳೆ, ಮತ್ತೆ ಬೂದು, ಮತ್ತೆ ಕೆಂಪು ಕಾಣುತ್ತದೆ. ಗಾತ್ರಕ್ಕೆ ಮೀರಿದ ಭಾರ. ಇನ್ನೊಂದು ಕಲ್ಲಿಗೆ ಉಜ್ಜಿದರೆ ಕೆಂಪು ಗೀರು ಬೀಳುತ್ತದೆ, ಬೆರಳಿಗೆ ಹತ್ತಿದ ಪುಡಿ ಎರಡು ಸಲ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಕೋಟ್ಯಂತರ ವರ್ಷಗಳ ಮಳೆ ಸಿಲಿಕವನ್ನು ತೊಳೆದುಕೊಂಡು ಹೋದ ಕಡೆ ಉಳಿದದ್ದೇ ಉತ್ತಮ ದರ್ಜೆಯ ಹೆಮಟೈಟ್ ಅದಿರು. ಅದರ ಜೊತೆಗೆ ಮ್ಯಾಂಗನೀಸೂ ಇದೆ. ಬಳ್ಳಾರಿ ಜಿಲ್ಲೆಯ ಬೆಟ್ಟಗಳನ್ನೆಲ್ಲ ಅಲೆದು 1895ರಲ್ಲಿ ಜಿಲ್ಲೆಯ ಭೂವಿಜ್ಞಾನದ ದೊಡ್ಡ ವರದಿ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಈ ಸಂಪತ್ತನ್ನು ಜಗತ್ತಿಗೆ ತೋರಿಸಿದವರಲ್ಲಿ ಮೊದಲಿಗ.

ಫೂಟ್‌ಗಿಂತ ಬಹಳ ಹಿಂದೆಯೇ ಬೆಟ್ಟದೊಳಗೆ ಏನಿದೆ ಎಂದು ಭಕ್ತರಿಗೆ ಗೊತ್ತಿತ್ತು. ಸ್ಥಳಪುರಾಣದಲ್ಲಿ ಇದರ ಹೆಸರು ಲೋಹಾಚಲ.

ಸಂಡೂರಿನಿಂದ ಕಾಡಿನ ದಾರಿ ಹಿಡಿದು ಮೇಲೇರಿದರೆ ಪಾರ್ವತಿಯ ಗುಡಿ, ಪಕ್ಕದಲ್ಲೇ ಕುಮಾರಸ್ವಾಮಿಯ ಗುಡಿ. ಬಾದಾಮಿ ಚಾಲುಕ್ಯರ ಮತ್ತು ರಾಷ್ಟ್ರಕೂಟರ ಕಾಲದ ಕೆಲಸ. ಹತ್ತಿರದಲ್ಲಿ ಅಗಸ್ತ್ಯತೀರ್ಥ. ತಾರಕಾಸುರನನ್ನು ಕುಮಾರ ಕೊಂದದ್ದು ಇಲ್ಲೇ ಎಂದು ಪುರಾಣ ಹೇಳಿದರೆ, ಜನರ ಕಥೆ ಮನೆಯ ಜಗಳದ್ದು. ಅಮ್ಮನ ಮೇಲೆ ಮುನಿಸಿಕೊಂಡು ಬೆಟ್ಟಕ್ಕೆ ಬಂದ ಮಗ ಕುಡಿದ ಎದೆಹಾಲನ್ನೆಲ್ಲ ಕಕ್ಕಿಬಿಟ್ಟನಂತೆ, ಅದೇ ಬೆಟ್ಟದಲ್ಲಿ ಸಿಗುವ ಬಿಳಿಮಣ್ಣಾಯಿತಂತೆ, ಭಕ್ತರು ವಿಭೂತಿ ಎಂದು ಹಣೆಗೆ ಹಚ್ಚುವುದು ಅದನ್ನೇ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಥೆ ಕಟ್ಟಿದವರು ಗುಡಿಯ ಕಲ್ಲುಗೋಡೆಗೆ ಕಥೆ ಕಟ್ಟಲಿಲ್ಲ, ನೆಲದ ಮಣ್ಣಿಗೆ ಕಟ್ಟಿದರು. ಅವರ ದೇವರು ಖನಿಜದಲ್ಲೇ ಇದ್ದ.

ಹತ್ತನೇ ಶತಮಾನದಲ್ಲಿ ಬಂಗಾಳದ ವರೇಂದ್ರಿಯಿಂದ ಬಂದ ಗದಾಧರನೆಂಬ ಶೈವ ಯತಿ ಈ ಸೀಮೆಯಲ್ಲಿ ನೆಲೆನಿಂತ. ಬಳ್ಳಾರಿ ಹತ್ತಿರದ ಕೊಳಗಲ್ಲಿನ ಕ್ರಿ.ಶ. 967ರ ಶಾಸನ ಅವನನ್ನು ಹೊಗಳುತ್ತದೆ. ಅಷ್ಟು ದೂರದಿಂದ ಒಬ್ಬ ಯತಿ ಬಂದು ನಿಂತ ಎಂದರೆ ಕಾರ್ತಿಕೇಯನ ಈ ತಪೋವನದ ಹೆಸರು ಎಲ್ಲಿಯವರೆಗೆ ಹಬ್ಬಿತ್ತು ಎಂಬುದು ತಿಳಿಯುತ್ತದೆ.

ಪವಿತ್ರ ಎಂದರೆ ಮುಟ್ಟಬಾರದ್ದು ಎಂಬ ಅರ್ಥ ನಮ್ಮಲ್ಲಿ ಎಲ್ಲ ಕಡೆಗೂ ಹೊಂದುವುದಿಲ್ಲ. ದೇವರ ಕಾಡಿನಿಂದ ಔಷಧಿ ಸೊಪ್ಪು ತಂದಿದ್ದಾರೆ, ದೇವರ ಹೊಂಡದಿಂದ ನೀರು ತಂದಿದ್ದಾರೆ, ದೇವರ ಬೆಟ್ಟದಿಂದ ಕಬ್ಬಿಣವನ್ನೂ ತಂದಿದ್ದಾರೆ. ಕುಲುಮೆ ಹಚ್ಚುವ ಮುಂಚೆ ಒಂದು ಕಾಯಿ ಒಡೆದರು, ಅಷ್ಟೆ. ಆಯುಧಪೂಜೆಯ ದಿನ ಗಣಿ ಊರುಗಳಲ್ಲಿ ಇದೇ ಪದ್ಧತಿ ಭರ್ಜರಿಯಾಗಿ ನಡೆಯುತ್ತದೆ. ಲೋಡರಿನ ಬಕೆಟ್ಟಿಗೆ ಬಾಳೆಕಂದು, ಟಿಪ್ಪರಿನ ಮುಂದಿನ ಗಾಜಿಗೆ ಮೂರು ಪಟ್ಟೆ ವಿಭೂತಿ, ಬಂಪರಿಗೆ ಚೆಂಡುಹೂವಿನ ಮಾಲೆ, ಚಕ್ರದಡಿ ನಾಲ್ಕು ನಿಂಬೆಹಣ್ಣು. ಕುಂಕುಮ ತುಂಬಿದ ಬೂದುಗುಂಬಳಕಾಯಿ ನೆಲಕ್ಕೆ ಬಿದ್ದು ಒಡೆದಾಗ ಕುಂಕುಮ ಯಾವುದು, ಅದಿರಿನ ಧೂಳು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಡ್ರೈವರ್ ಕೈಮುಗಿದು ಗಾಡಿ ಚಾಲೂ ಮಾಡುತ್ತಾನೆ. ಅವನ ಭಕ್ತಿಯಲ್ಲಿ ಕಪಟವೇನೂ ಇಲ್ಲ. ಗಾಡಿಯ ಮೇಲೆ ಬರೆಸಿರುವುದೂ ಶ್ರೀ ಕುಮಾರಸ್ವಾಮಿ ಪ್ರಸನ್ನ ಎಂದೇ.

ಹಾಗಾಗಿ ಬೆಟ್ಟ ಪವಿತ್ರ, ಆದ್ದರಿಂದ ಗಣಿ ಅಪವಿತ್ರ ಎಂಬ ನೇರ ವಾದ ಇಲ್ಲಿ ನಿಲ್ಲುವುದಿಲ್ಲ. ಹಳೆಯ ಕಟ್ಟಳೆ ತೆಗೆದುಕೊಳ್ಳಬೇಡ ಎನ್ನಲಿಲ್ಲ, ಕೇಳಿ ತೆಗೆದುಕೋ, ಬೇಕಾದಷ್ಟು ತೆಗೆದುಕೋ ಎಂದಿತು. ತಕರಾರು ಇರುವುದು ಈ ‘ಬೇಕಾದಷ್ಟು’ ಎಂಬಲ್ಲಿ.

ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. 20ನೇ ಶತಮಾನದ ಆರಂಭದಲ್ಲೇ ಬೆಲ್ಜಿಯಂ ಮೂಲದ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಇಲ್ಲಿ ಮ್ಯಾಂಗನೀಸ್ ತೆಗೆಯಲು ಗುತ್ತಿಗೆ ಹಿಡಿಯಿತು. 1949ರಲ್ಲಿ ಸಂಸ್ಥಾನ ವಿಲೀನವಾಯಿತು. 1954ರಲ್ಲಿ ಘೋರ್ಪಡೆ ಮನೆತನದ್ದೇ ಸಂಡೂರ್ ಮ್ಯಾಂಗನೀಸ್ ಕಂಪನಿ ಹುಟ್ಟಿಕೊಂಡಿತು. 1970ರ ದಶಕದ ಕೊನೆಗೆ ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಯಂತ್ರಗಣಿ ಶುರುವಾಯಿತು. ಇಷ್ಟು ವರ್ಷವೂ ಅಗೆತ ನಡೆದೇ ಇತ್ತು. ಆದರೆ ಬೆಟ್ಟದ ಬೆನ್ನು ಮುರಿದಿರಲಿಲ್ಲ.

ಇದೇ ಸಂಸ್ಥಾನದಲ್ಲಿ 1932ರಲ್ಲಿ ಇನ್ನೊಂದು ಘಟನೆ ನಡೆಯಿತು. ಅರಸು ಯಶವಂತರಾವ್ ಘೋರ್ಪಡೆ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡಿದ್ದವರಿಗೆ ತೆರೆದರು. ತಿರುವಾಂಕೂರಿನ ಹೆಸರಾಂತ ದೇವಾಲಯ ಪ್ರವೇಶ ಘೋಷಣೆಗೆ ಆಗ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಆಗಿನ ಜಗಳವೆಲ್ಲ ಹೊಸ್ತಿಲಿನದು, ಒಳಗೆ ಯಾರು ಬರಬೇಕು, ಯಾರು ಬರಬಾರದು ಎಂಬುದು. ಆ ಜಗಳ ನ್ಯಾಯವಾದದ್ದು, ಗೆಲ್ಲಬೇಕಾದದ್ದು, ಗೆದ್ದದ್ದೂ ಒಳ್ಳೆಯದಾಯಿತು. ಆದರೆ ಗೊತ್ತಿಲ್ಲದೆಯೇ ಇನ್ನೊಂದು ಮಾತು ಅದರಲ್ಲಿ ಒಪ್ಪಿತವಾಗಿತ್ತು. ದೇವರು ಇರುವುದು ಹೊಸ್ತಿಲಿನ ಒಳಗೆ ಎಂಬುದನ್ನು ಎರಡೂ ಪಕ್ಷ ಪ್ರಶ್ನಿಸಿರಲಿಲ್ಲ. ಹೊಸ್ತಿಲಿನ ಹೊರಗಿನ ಪ್ರಶ್ನೆ ಏಳಲು ಎಪ್ಪತ್ತು ವರ್ಷ ಬೇಕಾಯಿತು.

2000ದ ನಂತರ ಚೀನಾ ಅದಿರು ಕೊಳ್ಳಲು ನಿಂತಿತು, ಬೆಲೆ ಆಕಾಶಕ್ಕೇರಿತು, ಮುಂದಿನದೆಲ್ಲ ಕನ್ನಡಿಗರಿಗೆ ಬಾಯಿಪಾಠ. ಹಗಲು ರಾತ್ರಿ ಲಾರಿ ಸಾಲು, ಬೇವಿನ ಮರದ ಎಲೆ ಕೆಂಪು, ಮೆಣಸಿನಕಾಯಿ ಹೊಲ ಕೆಂಪು. ಕರ್ನಾಟಕ ಮತ್ತು ಆಂಧ್ರದ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿ 2006ರಲ್ಲಿ ಸ್ಫೋಟಕಕ್ಕೆ ಸಿಕ್ಕಿ ನೆಲಸಮವಾಯಿತು. ಆ ಗುಡಿ ಎರಡು ರಾಜ್ಯಗಳ ನಡುವಿನ ಗಡಿ ಗುರುತೂ ಆಗಿತ್ತು. ಅಲ್ಲಿ ದೇವಿ ಹೋದದ್ದರ ಜೊತೆಗೆ ಎಲ್ಲೆಯೂ ಹೋಯಿತು. ಹೊಸಪೇಟೆಯ ನೆತ್ತಿಯ ಮೇಲಿನ ಜಂಬುನಾಥೇಶ್ವರ ಗುಡಿಯ ಬಗ್ಗೆಯೂ ಸಿಡಿತದ ಅದುರಿಗೆ ಧಕ್ಕೆಯಾಗುತ್ತಿದೆ ಎಂಬ ದೂರು ಬಂತು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅವರ ವರದಿ, ಅದಕ್ಕೆ ಅರಣ್ಯಾಧಿಕಾರಿ ಯು.ವಿ. ಸಿಂಗ್ ಊರೂರು ಅಲೆದು ಕೂಡಿಸಿದ ಸಾಕ್ಷ್ಯ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಅರ್ಜಿ, 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ಆ ವಾರ ಮುಖ್ಯಮಂತ್ರಿಯ ಕುರ್ಚಿಯೂ ಉರುಳಿತು.

ಇನ್ನು ಕಾನೂನು ದೇವರನ್ನು ಹೇಗೆ ನೋಡುತ್ತದೆ ಎಂಬುದು. ಭಾರತದ ನ್ಯಾಯಾಲಯಗಳು ಪ್ರತಿಷ್ಠಾಪಿತ ವಿಗ್ರಹವನ್ನು ಕಾನೂನಿನ ವ್ಯಕ್ತಿ ಎಂದು ಒಪ್ಪಿ ನೂರು ವರ್ಷ ದಾಟಿದೆ. ಆ ವ್ಯಕ್ತಿ ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ಆದರೆ ಅವನು ಎಂದೆಂದಿಗೂ ಅಪ್ರಾಪ್ತ ವಯಸ್ಕ, ಅವನ ಪರವಾಗಿ ಯಾರಾದರೂ ಮಾತಾಡಬೇಕು. ಬಾಲಬ್ರಹ್ಮಚಾರಿ ಕುಮಾರಸ್ವಾಮಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ ಎನ್ನಿ. ಇಷ್ಟು ಉದಾರವಾದ ಕಾನೂನು ವಿಗ್ರಹದ ಕಲ್ಲಿಗೆ ಕೊಟ್ಟ ಹಕ್ಕನ್ನು ಆ ಕಲ್ಲು ಬಂದ ಬೆಟ್ಟಕ್ಕೆ ಕೊಟ್ಟಿಲ್ಲ. ಕಟ್ಟಡಕ್ಕಾದರೆ ಅಳತೆ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾಗಿದ್ದರೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಕುಮಾರಸ್ವಾಮಿ ಗುಡಿಯ ಸುತ್ತ ಎಷ್ಟು ದೂರ ಗಣಿ ಬೇಡ ಎಂಬ ವಾದವೂ ವರ್ಷಗಟ್ಟಲೆ ಹೀಗೆ ಮೀಟರು, ಕಿಲೋಮೀಟರುಗಳಲ್ಲೇ ನಡೆದಿದೆ. ಭಕ್ತರ ಪರ ಹೋರಾಡುವವರೂ ಇದೇ ಲೆಕ್ಕದಲ್ಲಿ ಮಾತಾಡಬೇಕು, ಬೇರೆ ಭಾಷೆ ಕೋರ್ಟಿಗೆ ತಿಳಿಯದು. ವೃತ್ತ ದೊಡ್ಡದಾಗಲಿ ಎಂದು ಕೇಳಬಹುದು. ಆದರೆ ವೃತ್ತ ಎಳೆದೊಡನೆ ಅದರ ಹೊರಗಿನದೆಲ್ಲ ಅಗೆಯಬಹುದಾದ ನೆಲ ಎಂದು ಸಹಿ ಹಾಕಿದಂತೆ ಆಗಿರುತ್ತದೆ.

2013ರ ಏಪ್ರಿಲ್ 18. ಸುಪ್ರೀಂ ಕೋರ್ಟಿನ ಅರಣ್ಯ ಪೀಠದಲ್ಲಿ ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯ್. ಅಂದು ಈ ಪೀಠ ಎರಡು ಬೆಟ್ಟಸಾಲುಗಳ ತೀರ್ಪು ಕೊಟ್ಟಿತು. ಒಂದು ನಮ್ಮ ಬಳ್ಳಾರಿಯ ಗಣಿಗಳದ್ದು. ಇನ್ನೊಂದು ಒಡಿಶಾದ ನಿಯಮಗಿರಿಯದ್ದು. ಒಂದೇ ದಿನ, ಅದೇ ಮೂವರು, ಎರಡು ಬೇರೆ ಬೇರೆ ದೇವರ ಬೆಟ್ಟ. ಎರಡರ ಜಾಡೂ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಹೋಯಿತು.

ನಿಯಮಗಿರಿಯಲ್ಲಿ ಇರುವುದು ಬಾಕ್ಸೈಟ್. ಬುಡದ ಲಾಂಜಿಗಢದಲ್ಲಿ ವೇದಾಂತ ಕಂಪನಿಯ ಅಲ್ಯುಮಿನಾ ಕಾರ್ಖಾನೆ. ಬೆಟ್ಟದಲ್ಲಿ ಡೊಂಗ್ರಿಯಾ ಕೊಂಧರು, ಸುಮಾರು ಎಂಟು ಸಾವಿರ ಜನ. ಬೆಟ್ಟವನ್ನು ಆಳುವವನು ನಿಯಮರಾಜ ಎಂದು ಅವರ ನಂಬಿಕೆ. ಅಲ್ಲೂ ಅಳತೆಯ ವಾದವೇ ಮೊದಲು ಬಂತು. ನಿಯಮರಾಜನ ನೆಲೆ ಹುಂಡಲಜಾಲಿ ಎಂಬ ಶಿಖರದಲ್ಲಿದೆ, ಗಣಿ ಜಾಗಕ್ಕೂ ಅದಕ್ಕೂ ಸುಮಾರು 10 ಕಿಲೋಮೀಟರ್ ಅಂತರ, ದೇವರಿಗೆ ತೊಂದರೆ ಇಲ್ಲ ಎಂದು ಗಣಿ ಬೇಕೆಂದವರ ಕಡೆಯ ಮಾತು. ಕೋರ್ಟು ತಾನೇ ದೇವರ ವಿಳಾಸ ನಿರ್ಧರಿಸಲು ಹೋಗಲಿಲ್ಲ. ಅರಣ್ಯ ಹಕ್ಕು ಕಾಯ್ದೆಯನ್ನೂ ಸಂವಿಧಾನದ ಧಾರ್ಮಿಕ ಸ್ವಾತಂತ್ರ್ಯದ ವಿಧಿಗಳನ್ನೂ ಮುಂದಿಟ್ಟು, ಪೂಜಿಸುವವರ ಹಕ್ಕಿಗೆ ಧಕ್ಕೆ ಇದೆಯೋ ಇಲ್ಲವೋ ಅವರ ಗ್ರಾಮಸಭೆಯೇ ಹೇಳಲಿ ಎಂದಿತು. ಜುಲೈ 18ರಿಂದ ಆಗಸ್ಟ್ 19ರವರೆಗೆ ಹನ್ನೆರಡು ಹಳ್ಳಿಗಳಲ್ಲಿ, ಜಿಲ್ಲಾ ನ್ಯಾಯಾಧೀಶರ ಎದುರಿಗೆ, ಸಭೆ ನಡೆಯಿತು. ಹನ್ನೆರಡೂ ಹಳ್ಳಿ ಬೇಡ ಎಂದವು. ದೇವರು ಒಂದು ಶಿಖರದಲ್ಲಿಲ್ಲ, ಬೆಟ್ಟವೆಲ್ಲ ಅವನದೇ, ಹಳ್ಳವೂ ಗಿಡವೂ ಅವನದೇ ಎಂಬ ಧಾಟಿಯಲ್ಲಿ ಜನ ಮಾತಾಡಿದರು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

ಬಳ್ಳಾರಿಯ ತೀರ್ಪಿನಲ್ಲಿ ದೇವರ ಸುದ್ದಿ ಬರಬೇಕಾದ ಕಾರಣವೇ ಇರಲಿಲ್ಲ. ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಒತ್ತುವರಿ ಶೇಕಡಾ ಎಷ್ಟು ಎಂದು ನೋಡಿ, ಸಿ ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿದರು. ಉಳಿದವಕ್ಕೆ ವರ್ಷದ ಮಿತಿ ಹಾಕಿದರು. ಬಳ್ಳಾರಿಗೆ ಎರಡೂವರೆ ಕೋಟಿ ಟನ್. ಅದು 2017ರಲ್ಲಿ 2.8 ಕೋಟಿ ಆಯಿತು, 2022ರಲ್ಲಿ 3.5 ಕೋಟಿ. ಕಳ್ಳ ಗಣಿಗೆ ಇದು ಸರಿಯಾದ ಮದ್ದು, ಅದರಲ್ಲಿ ಅನುಮಾನ ಬೇಡ. ಮಿತಿ ಎಂಬ ಮಾತೇ ಮರೆತಿದ್ದ ಜಿಲ್ಲೆಯಲ್ಲಿ ಮಿತಿ ಬಂತು. ಆದರೆ ಆ ಮಿತಿಯನ್ನು ಹೇರಿದ್ದು ಹೊರಗಿನ ಕೈ. ಹಾಗಾಗಿ ಅದು ಚೌಕಾಸಿಗೆ ಸಿಕ್ಕಿತು, ಪ್ರತಿ ಸಲವೂ ಏರಿತು.

ನಿಯಮಗಿರಿಯಲ್ಲಿ ಕೇಳಿದಂತೆ ಸಂಡೂರಿನಲ್ಲಿ ಯಾಕೆ ಕೇಳಲಿಲ್ಲ ಎಂದರೆ ಕಾನೂನಿನ ಉತ್ತರ ಸರಳ. ಆ ದಾವೆ ಅರಣ್ಯ ಹಕ್ಕಿನದು, ಈ ದಾವೆ ಅಕ್ರಮದ್ದು. ಕಾನೂನಿನ ಆಚೆಗಿನ ಉತ್ತರ ಅಷ್ಟು ಸರಳವಲ್ಲ. ಕುಮಾರಸ್ವಾಮಿಗೆ ಒಂದೇ ಕುಲದ ಭಕ್ತರಿಲ್ಲ. ರೈತರಿದ್ದಾರೆ, ಲಂಬಾಣಿ ತಾಂಡಾದವರಿದ್ದಾರೆ, ವ್ಯಾಪಾರಿಗಳಿದ್ದಾರೆ, ಅರಮನೆಯವರಿದ್ದಾರೆ. ಸಾಲ ಮಾಡಿ ಟಿಪ್ಪರ್ ಕೊಂಡವರೂ ಅದರ ಕಂತು ವಸೂಲಿ ಮಾಡುವವರೂ ಒಂದೇ ಸರತಿಯಲ್ಲಿ ನಿಂತು ಮಂಗಳಾರತಿ ತೆಗೆದುಕೊಳ್ಳುತ್ತಾರೆ. ಡೊಂಗ್ರಿಯಾರಲ್ಲಿ ಬೆಟ್ಟ ಅಗೆಯಲು ಬಂದವರು ಹೊರಗಿನವರು. ಸಂಡೂರಿನಲ್ಲಿ ಅಗೆಯುವವನೂ ಅಡ್ಡಬೀಳುವವನೂ ಒಬ್ಬನೇ.

ಇಲ್ಲಿಗೆ ಒಂದು ಹಳೆಯ ಆಕ್ಷೇಪವೂ ಬಂದು ಸೇರುತ್ತದೆ, ಅದು ಕನ್ನಡದ್ದೇ. ಹನ್ನೆರಡನೇ ಶತಮಾನದ ಶರಣರು ಸ್ಥಾವರವನ್ನು ನೆಚ್ಚಲಿಲ್ಲ. ದೇವರನ್ನು ಅಂಗೈಗೆ ತಂದುಕೊಂಡರು. ಅವರ ದಾರಿಯಲ್ಲಿ ನಡೆದವರು ಬೆಟ್ಟ ಹೋದರೆ ದೇವರೇನೂ ಹೋಗುವುದಿಲ್ಲ ಎನ್ನಬಹುದು. ಅದ್ವೈತಿಯೂ ಹಾಗೇ ಎಂದಾನು. ಎಲ್ಲ ಕಡೆ ಇರುವವನಿಗೆ ಒಂದು ಗುಡ್ಡ ಲೆಕ್ಕವೇ? ಮಾತು ತೂಕದ್ದೇ. ಆದರೆ ಶರಣರು ಸ್ಥಾವರ ಬಿಟ್ಟದ್ದು ಗುಡಿ ಕಟ್ಟುವ ಉಳ್ಳವರ ಹಂಗು ಕಳೆಯಲು. ಅದೇ ಮಾತನ್ನು ಉಳ್ಳವರು ಬೆಟ್ಟ ಕರಗಿಸಲು ಬಳಸಿಕೊಂಡರೆ ಮಾತಿನ ದಿಕ್ಕೇ ತಿರುಗಿದಂತೆ. ಅತ್ತ ಗೋವರ್ಧನದ ಕಥೆಯಲ್ಲಿ ಕೃಷ್ಣ ಕೊಡುವ ಕಾರಣ ಇನ್ನೂ ನೇರವಾಗಿದೆ. ಇಂದ್ರನಿಗೆ ಯಾಕೆ ಪೂಜೆ, ದನಗಳಿಗೆ ಹುಲ್ಲು ಕೊಡುವುದು ಈ ಬೆಟ್ಟ, ಇದನ್ನು ಪೂಜಿಸಿ ಎನ್ನುತ್ತಾನೆ. ಅಲ್ಲಿ ಬೆಟ್ಟ ದೇವರಾಗುವುದು ಬದುಕು ನಡೆಸುವುದರಿಂದ. ಈ ನ್ಯಾಯ ಹಿಡಿದರೆ ಸಂಡೂರಿನ ಹಳ್ಳಗಳಿಗೆ ನೀರೂಡುವ ಕಾಡೂ ದೇವರು, ತಿಂಗಳ ಸಂಬಳ ಕೊಡುವ ಅದಿರೂ ದೇವರು. ಕಗ್ಗಂಟು ಬಿಚ್ಚುವುದಿಲ್ಲ, ಆದರೆ ಎಲ್ಲಿ ಬಿಗಿದಿದೆ ಎಂದು ಕಾಣುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಲೆಕ್ಕ ಇನ್ನೊಂದು ಬಗೆಯದು. ಅವರಿಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪವಿತ್ರ ಜಾಗಗಳು ಐದು ಬಗೆ. ಹಿರಿಯರು ನಡೆದು ತೋರಿಸಿದ ಜಾಗಗಳನ್ನು ಸಂಶೋಧಕರ ಜೊತೆ ಕೂಡಿ ನಕಾಶೆಗಿಳಿಸಿದಾಗ ಕಾಡಿನ ಉದ್ದಗಲಕ್ಕೂ ನೂರಾರು ಚುಕ್ಕೆ ಬಿದ್ದವು. ಒಂದು ಕೇಂದ್ರ, ಅದರ ಸುತ್ತ ಇಷ್ಟು ಮೀಟರ್ ಎಂಬ ಲೆಕ್ಕಕ್ಕೆ ಅಂಥ ನಕಾಶೆ ಬಗ್ಗುವುದಿಲ್ಲ. ಸಂಡೂರಿನಲ್ಲೂ ಒಂದು ಕಾಲಕ್ಕೆ ಹಾಗೇ ಇದ್ದಿರಬೇಕು. ಅಗಸ್ತ್ಯತೀರ್ಥ, ಹರಿಶಂಕರ ತೀರ್ಥ, ವಿಭೂತಿಯ ಮಣ್ಣು, ರಾಮನದುರ್ಗ ಎಲ್ಲ ಒಂದೇ ದೇವರ ಮೈಯ ಗುರುತುಗಳು. ಈಗ ಅವು ಬಿಡಿ ಬಿಡಿ ಹೆಸರು, ನಡುವೆ ಗುತ್ತಿಗೆಯ ಗೆರೆ.

ಅಗೆದದ್ದಕ್ಕೆ ದಂಡವೂ ಕೂಡಿದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು 24 ಸಾವಿರ ಕೋಟಿ ರೂಪಾಯಿ ಮೀರಿದ ಯೋಜನೆ ಸಿದ್ಧವಾಗಿದೆ. ರಸ್ತೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು, ಗಿಡ ನೆಡುವುದು. ಜನರಿಗೆ ಇವು ಬೇಕು, ಬೇಗ ಬೇಕು. ಆದರೆ ಇದನ್ನು ಪ್ರಾಯಶ್ಚಿತ್ತ ಎನ್ನಲು ಬಾರದು. ಧರ್ಮಶಾಸ್ತ್ರದಲ್ಲಿ ಪ್ರಾಯಶ್ಚಿತ್ತಕ್ಕೆ ಮೊದಲ ಶರತ್ತು ತಪ್ಪನ್ನು ನಿಲ್ಲಿಸುವುದು. ಇಲ್ಲಿ ಪರಿಹಾರದ ಹುಂಡಿ ತುಂಬುತ್ತಿರುವುದೇ ಅದಿರು ಮಾರಿದ ದುಡ್ಡಿನಿಂದ. 2024ರಲ್ಲಿ ದೇವದಾರಿ ಬೆಟ್ಟದಲ್ಲಿ ಕುದುರೆಮುಖ ಕಂಪನಿಗೆ ಹೊಸ ಗಣಿ ಎಂಬ ಸುದ್ದಿ ಎದ್ದಿತು. ಸುಮಾರು 99 ಸಾವಿರ ಮರ ಹೋಗುತ್ತವೆ ಎಂಬ ಲೆಕ್ಕ ಹೊರಬಿತ್ತು. ಅರಣ್ಯ ಜಮೀನು ಹಸ್ತಾಂತರ ಬೇಡ ಎಂದು ರಾಜ್ಯ ಸರ್ಕಾರ ತಡೆದು ನಿಂತಿತು. ಆ ಗಲಾಟೆಯಲ್ಲಿ ಮರದ ಸಂಖ್ಯೆ ಬಂತು, ಹೆಕ್ಟೇರ್ ಬಂತು, ನೌಕರಿಯ ಮಾತು ಬಂತು, ರಾಜಕೀಯವಂತೂ ಬಂದೇ ಬಂತು. ಹೆಸರಲ್ಲೇ ದೇವರಿದ್ದರೂ ದೇವದಾರಿಯ ಚರ್ಚೆಯಲ್ಲಿ ದೇವರನ್ನು ಎತ್ತಿದವರು ಕಡಿಮೆ.

ನಿಯಮಗಿರಿಯ ಬಗೆಯ ಸಭೆಯನ್ನು ಸಂಡೂರಿನ ಹಳ್ಳಿಗಳಲ್ಲಿ ಕರೆದರೆ ಹನ್ನೆರಡಕ್ಕೆ ಹನ್ನೆರಡು ಎಂಬ ಫಲಿತಾಂಶ ಬರಲಿಕ್ಕಿಲ್ಲ. ಧೂಳು ಕುಡಿದ ಹಳ್ಳಿ ಒಂದು ಮಾತು ಹೇಳೀತು, ಲಾರಿ ತೂಗುವ ವೇಬ್ರಿಡ್ಜಿನ ಬಳಿ ಚಹಾದಂಗಡಿ ಇಟ್ಟುಕೊಂಡ ಹಳ್ಳಿ ಇನ್ನೊಂದು ಮಾತು ಹೇಳೀತು. ಒಂದೇ ಮನೆಯಲ್ಲಿ ಅತ್ತೆ ಬೇಡ ಎಂದು, ಅಳಿಯ ಬೇಕು ಎಂದು ಕೈಯೆತ್ತಬಹುದು. ಕೂಗಾಟವೂ ಆದೀತು. ಆದರೂ ಕರೆದು ಕೇಳುವುದೇ ಸರಿ. ದೇವರು ಎಲ್ಲಿಯವರೆಗೆ ಎಂಬುದನ್ನು ಭೂಮಾಪಕರ ಸರಪಳಿಗೆ ಬಿಟ್ಟುಕೊಟ್ಟದ್ದು ಸಾಕಾಗಿದೆ, ಕಾರ್ತೀಕದ ಜಾತ್ರೆಗೆ ಬೆಟ್ಟ ಹತ್ತುವವರ ಬಾಯಿಂದ ಅದನ್ನು ಯಾರೂ ಇನ್ನೂ ಬರೆದುಕೊಂಡಿಲ್ಲ.